ಮೊಂಬಾಸಾ ಹಳೆಯ ಪಟ್ಟಣದ ಕಾಲ್ನಡಿಗೆ ಪ್ರವಾಸ: ಬಂದರಿನಿಂದ ಕೋಟೆಯವರೆಗೆ

ಕೀನ್ಯಾದ ಕರಾವಳಿಯಲ್ಲಿರುವ ಮೊಂಬಾಸಾ ನಗರದ ಹಳೆಯ ಪಟ್ಟಣವನ್ನು ನಾನು ಎರಡು ದಿನ, ಎರಡು ಬೇರೆ ಬೇರೆ ಬಗೆಯ ಮಾರ್ಗದರ್ಶನದಲ್ಲಿ ನಡೆದು ನೋಡಿದೆ. ಮೊದಲ ದಿನ ಪ್ರವಾಸಿ ಸಂಸ್ಥೆಯೊಂದರ ಅರ್ಧ ದಿನದ ಪ್ಯಾಕೇಜು; ಮರುದಿನ ಆ ಪಟ್ಟಣದಲ್ಲೇ ಹುಟ್ಟಿ ಬೆಳೆದ, ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರೊಂದಿಗೆ ಬೆಳಗಿನಿಂದ ಸಂಜೆಯವರೆಗಿನ ನಡಿಗೆ. ಎರಡೂ ದಿನ ತುಳಿದ ಬೀದಿಗಳು ಹೆಚ್ಚುಕಡಿಮೆ ಅವೇ ಆಗಿದ್ದರೂ ಕಣ್ಣಿಗೆ ಬಿದ್ದ ಊರು ಮಾತ್ರ ಬೇರೆಯೇ ಆಗಿತ್ತು. ಮೊಂಬಾಸಾಕ್ಕೆ ಹೋಗುವವರು ಇವೆರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು, ಏಕೆ ಎಂಬುದನ್ನು ಹೇಳುವುದಕ್ಕಾಗಿಯೇ ಈ ವಿಮರ್ಶೆ.

ಮೊದಲ ದಿನದ ಪ್ಯಾಕೇಜಿನ ಬಗ್ಗೆ ಬಹಳ ಹೇಳುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೋಟೆಲಿನಿಂದ ಕರೆದುಕೊಂಡು ಹೋದರು, ಮೋಯಿ ಅವೆನ್ಯೂದ ಮೇಲೆ ಕಮಾನಿನಂತೆ ನಿಂತಿರುವ ಅಲ್ಯೂಮಿನಿಯಂ ಆನೆದಂತಗಳ ಕೆಳಗೆ ಚಿತ್ರ ತೆಗೆಸಿದರು, ಫೋರ್ಟ್ ಜೀಸಸ್ ಕೋಟೆಯೊಳಗೆ ನಲವತ್ತು ನಿಮಿಷ ಸುತ್ತಾಡಿಸಿದರು, ಆಮೇಲೆ ಮರದ ಕೆತ್ತನೆ ಮಾರುವ ಎರಡು ಅಂಗಡಿಗಳಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಕೂರಿಸಿದರು. ಸಮಯ ಹಾಳಾದದ್ದಕ್ಕಿಂತ ನನ್ನನ್ನು ನೋಯಿಸಿದ್ದು ಅವರು ಹೇಳಿದ ಇತಿಹಾಸದ ರೀತಿ. 1498ರಲ್ಲಿ ವಾಸ್ಕೋ ಡ ಗಾಮಾ ಬಂದ, 1593ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಲು ಶುರುಮಾಡಿದರು, 1698ರಲ್ಲಿ ಒಮಾನಿನ ಅರಬರು ಗೆದ್ದರು, 1895ರಲ್ಲಿ ಇಂಗ್ಲಿಷರು ಬಂದರು, 1963ರಲ್ಲಿ ಸ್ವಾತಂತ್ರ್ಯ ಸಿಕ್ಕಿತು ಎಂದು ಐದು ಇಸವಿಗಳಲ್ಲಿ ಊರಿನ ಕಥೆ ಮುಗಿದುಹೋಯಿತು. ಹೊರಗಿನವರು ಬಂದು ಒಬ್ಬರಿಂದೊಬ್ಬರು ಕಿತ್ತುಕೊಂಡ ಒಂದು ಖಾಲಿ ಜಾಗ ಎಂಬಂತಿತ್ತು ಆ ವಿವರಣೆ. ಅಲ್ಲಿ ವಾಸವಾಗಿದ್ದವರು ಯಾರು, ಅವರು ಏನು ಉಣ್ಣುತ್ತಿದ್ದರು, ಯಾರೊಂದಿಗೆ ವ್ಯಾಪಾರ ಮಾಡುತ್ತಿದ್ದರು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಸ್ಥಳವೇ ಇರಲಿಲ್ಲ.

ಎರಡನೆಯ ದಿನ ಹಿರಿಯರು ನನ್ನನ್ನು ಕೋಟೆಯ ಬಾಗಿಲಿನಲ್ಲಿ ಭೇಟಿಯಾದರೂ ಒಳಗೆ ಕರೆದೊಯ್ಯಲಿಲ್ಲ. ಕೋಟೆಗೆ ಮಧ್ಯಾಹ್ನದ ಮೇಲೆ ಬರೋಣ, ಈಗ ಬಂದರಿಗೆ ಹೋಗೋಣ ಎಂದರು. ಅಲ್ಲಿ ಹಿರಿಯರನ್ನು ಗೌರವದಿಂದ ‘ಮ್ಜೇ’ ಎಂದು ಕರೆಯುವುದು ವಾಡಿಕೆ. ನಾನೂ ಹಾಗೆಯೇ ಕರೆದೆ. ಅವರು ನನ್ನನ್ನು ‘ಕಾಕಾ’ ಎಂದು ಕರೆದರು. ಸ್ವಾಹಿಲಿಯಲ್ಲಿ ಕಾಕಾ ಎಂದರೆ ಚಿಕ್ಕಪ್ಪನಲ್ಲ, ಅಣ್ಣ. ಬಂದರಿಗೆ ಅವರು ಹೇಳುವ ಮಾತು ‘ಬಂದಾರಿ’. ಪರ್ಷಿಯನ್ ಭಾಷೆಯಿಂದ ಹೊರಟ ಒಂದೇ ಪದ ಅರಬ್ಬೀ ಸಮುದ್ರದ ಈ ದಡದಲ್ಲಿ ಬಂದರು ಎಂದೂ ಆ ದಡದಲ್ಲಿ ಬಂದಾರಿ ಎಂದೂ ಉಳಿದುಕೊಂಡಿದೆ. ಹಣಕ್ಕೆ ಪೆಸಾ, ಅಂಗಡಿಗೆ ದುಕಾ, ಲಕ್ಷಕ್ಕೆ ಲಾಕಿ, ವಿಮೆಗೆ ಬೀಮಾ ಎನ್ನುವ ಆ ಭಾಷೆಯನ್ನು ಕೇಳುತ್ತ ಬೀದಿಯಲ್ಲಿ ನಡೆಯುವಾಗ, ಈ ಊರು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎನ್ನುವುದಕ್ಕಿಂತ ಯಾರ ಜೊತೆ ಕೊಡುಕೊಳ್ಳುವ ಸಂಬಂಧ ಇಟ್ಟುಕೊಂಡಿತ್ತು ಎನ್ನುವುದೇ ಮುಖ್ಯ ಎಂದು ಅನ್ನಿಸತೊಡಗಿತು.

ಮೊಂಬಾಸಾ ಒಂದು ದ್ವೀಪ. ಅದರ ಹಳೆಯ ಸ್ವಾಹಿಲಿ ಹೆಸರು ಮ್ವಿಟಾ. ದ್ವೀಪದ ಪೂರ್ವ ಮಗ್ಗುಲಿನಲ್ಲಿ ಹಳೆಯ ಬಂದರು, ಪಶ್ಚಿಮದ ಮಗ್ಗುಲಿನಲ್ಲಿ ಆಳವಾದ ನೀರಿನ ಕಿಲಿಂಡಿನಿ. ಹಳೆಯ ಬಂದರಿನ ಕಟ್ಟೆಯ ಮೇಲೆ ನಿಂತು ಹಿರಿಯರು ಮೊದಲು ವಿವರಿಸಿದ್ದು ಗಾಳಿಯನ್ನು. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಈಶಾನ್ಯದಿಂದ ಬೀಸುವುದು ಕಸ್ಕಾಜಿ. ಏಪ್ರಿಲ್‌ನಿಂದ ನೈಋತ್ಯದಿಂದ ಬೀಸುವುದು ಕೂಸಿ. ಕಸ್ಕಾಜಿಯ ಬೆನ್ನು ಹಿಡಿದು ಅರೇಬಿಯಾ, ಪರ್ಷಿಯಾ ಕೊಲ್ಲಿ, ಗುಜರಾತ್‌ಗಳಿಂದ ಹಾಯಿಹಡಗುಗಳು ಇಳಿದು ಬರುತ್ತಿದ್ದವು. ಕೂಸಿ ಹಿಡಿದು ಹಿಂದಿರುಗುತ್ತಿದ್ದವು. ನಡುವಿನ ತಿಂಗಳುಗಳಲ್ಲಿ ನಾವಿಕರು ಗಾಳಿ ತಿರುಗುವವರೆಗೆ ಊರಿನಲ್ಲೇ ಕಾಯಬೇಕಾಗಿತ್ತು. ಹೀಗೆ ಕಾದು ಕುಳಿತವರಲ್ಲಿ ಕೆಲವರು ಅಲ್ಲೇ ಮದುವೆಯಾದರು, ಮನೆ ಮಾಡಿದರು, ಮಾತು ಕಲಿತರು, ಕಲಿಸಿದರು. ಖರ್ಜೂರ, ಜಮಖಾನೆ, ಬಟ್ಟೆ ಇಳಿಯುತ್ತಿದ್ದವು. ದಂತ, ಧಾನ್ಯ, ಕಾಂಡ್ಲಾ (ಮ್ಯಾಂಗ್ರೋವ್) ಮರದ ಗಳುಗಳು ಏರುತ್ತಿದ್ದವು. ಮರವೇ ಬೆಳೆಯದ ಕೊಲ್ಲಿಯ ಊರುಗಳಲ್ಲಿ ಮನೆಯ ಮಾಡು ಹೊತ್ತದ್ದು ಈ ಕರಾವಳಿಯ ಕಾಂಡ್ಲಾ ಗಳುಗಳೇ. ಈಗ ಅಲ್ಲಿ ನಾಲ್ಕಾರು ದೋಣಿಗಳಿಗಿಂತ ಹೆಚ್ಚು ಕಾಣುವುದಿಲ್ಲ. ಆದರೆ ಗಾಳಿಯ ಈ ಲೆಕ್ಕಾಚಾರ ತಿಳಿಯದೆ ಮುಂದಿನ ಯಾವ ಬೀದಿಯೂ ಅರ್ಥವಾಗುವುದಿಲ್ಲ. ನಡಿಗೆಯನ್ನು ಬಂದರಿನಿಂದ ಶುರುಮಾಡಿದ್ದು ಎಷ್ಟು ಸರಿ ಎಂದು ನನಗೆ ತಿಳಿದದ್ದು ಮುಂದಿನ ಒಂದು ಗಂಟೆಯಲ್ಲಿ.

ಬಂದರಿನಿಂದ ಮೇಲೇರಿ ಬಂದರೆ ಮಂಧ್ರಿ ಮಸೀದಿ. 1570ರ ಸುಮಾರಿಗೆ ಕಟ್ಟಿದ್ದು ಎನ್ನುವ ಈ ಬಿಳಿಯ ಮಸೀದಿಯ ಮಿನಾರು ಮೇಲಕ್ಕೆ ಹೋಗುತ್ತ ಕಿರಿದಾಗುತ್ತದೆ. ಅದರ ಎದುರಿಗೆ ಸಿಹಿನೀರಿನ ಬಾವಿ. ಆ ಬಾವಿಯ ಬಳಿ ನಿಲ್ಲಿಸಿ ಹಿರಿಯರು ಇಬ್ನ್ ಬತೂತಾನ ವಿಷಯ ಎತ್ತಿದರು. 1331ರಲ್ಲಿ, ಅಂದರೆ ಪೋರ್ಚುಗೀಸರು ಬರುವುದಕ್ಕೆ ಒಂದೂವರೆ ಶತಮಾನಕ್ಕೂ ಮೊದಲು, ಇಲ್ಲಿ ತಂಗಿದ್ದ ಆ ಯಾತ್ರಿಕ ಜನ ಬಾಳೆಹಣ್ಣು ಮತ್ತು ಮೀನು ತಿನ್ನುತ್ತಾರೆ, ಧಾನ್ಯ ದ್ವೀಪದಲ್ಲಿ ಬೆಳೆಯದೆ ಆಚೆಯ ಕರಾವಳಿಯಿಂದ ಬರುತ್ತದೆ, ಮಸೀದಿಗಳನ್ನು ಗಟ್ಟಿಯಾದ ಮರದಿಂದ ಕಟ್ಟಿದ್ದಾರೆ, ಮಸೀದಿಯ ಬಾಗಿಲಲ್ಲಿ ಬಾವಿ ಇದ್ದು ಕಾಲು ತೊಳೆದು ಒಳಗೆ ಹೋಗುತ್ತಾರೆ ಎಂದು ಬರೆದಿದ್ದಾನೆ. ಸುಮಾರು ಏಳು ನೂರು ವರ್ಷಗಳ ಹಿಂದಿನ ಆ ವಿವರಣೆಯನ್ನು ಕೇಳುತ್ತಿರುವಾಗಲೇ ಶಾಲೆಯ ಚೀಲ ಹೊತ್ತ ಹುಡುಗನೊಬ್ಬ ಬಂದು ನೀರು ಸುರಿದುಕೊಂಡು ಪಾದ ತೊಳೆದು ಒಳಗೆ ಹೋದ. ಹಿರಿಯರು ಅದನ್ನು ತೋರಿಸಲೂ ಇಲ್ಲ, ಮಾತು ನಿಲ್ಲಿಸಲೂ ಇಲ್ಲ. ನಾನು ಮಾತ್ರ ಆ ಒದ್ದೆ ಹೆಜ್ಜೆಗಳನ್ನು ನೋಡುತ್ತ ನಿಂತೆ.

ಅಲ್ಲಿಂದ ನ್ದಿಯಾ ಕೂ ಎಂಬ ಮುಖ್ಯ ಬೀದಿ. ಹೆಸರಿನ ಅರ್ಥವೇ ದೊಡ್ಡ ದಾರಿ ಎಂದಾದರೂ ಎದುರುಬದುರು ಬಂದ ಎರಡು ವಾಹನಗಳು ಕಷ್ಟಪಟ್ಟು ದಾಟುವಷ್ಟೇ ಅಗಲ. ಎರಡೂ ಕಡೆ ಮರದ ಬಾಲ್ಕನಿಗಳು ಬೀದಿಯ ಮೇಲೆ ಬಾಗಿವೆ; ಅವುಗಳ ಆಸರೆಯ ಕೆತ್ತನೆಯಲ್ಲಿ ಗುಜರಾತಿನ ಬಡಗಿಗಳ ಕೈ ಎದ್ದು ಕಾಣುತ್ತದೆ. ಗೋಡೆಗಳು ಹವಳದ ಕಲ್ಲಿನವು. ಗಾರೆ ಉದುರಿದ ಒಂದು ಮನೆಯ ಗೋಡೆಗೆ ಕೈ ಇಟ್ಟು ನೋಡಿದರೆ ಬೆರಳ ತುದಿಗೆ ಚಿಕ್ಕ ಚಿಪ್ಪೊಂದರ ಸುರುಳಿ, ಅದರ ಪಕ್ಕದಲ್ಲಿ ಜೇನುಗೂಡಿನಂತೆ ತೂತುತೂತಾದ ಹವಳ ಸಿಕ್ಕವು. ಸಮುದ್ರದ ತಳವೇ ಎದ್ದು ಬಂದು ಮನೆಯ ಗೋಡೆಯಾಗಿದೆ. ಮನೆಗಳ ಕೋಣೆಗಳೆಲ್ಲ ಉದ್ದಕ್ಕೆ ಇದ್ದು ಅಗಲದಲ್ಲಿ ಕಿರಿದಾಗಿರುವುದಕ್ಕೆ ಕಾರಣವನ್ನು ಹಿರಿಯರು ಒಂದೇ ಮಾತಿನಲ್ಲಿ ಹೇಳಿದರು: ತೊಲೆಯಾಗಿ ಇಡುವ ಕಾಂಡ್ಲಾದ ಗಳು, ಅವರ ಮಾತಿನಲ್ಲಿ ಬೊರಿಟಿ, ಎಷ್ಟು ಉದ್ದ ಸಿಗುತ್ತದೆಯೋ ಕೋಣೆ ಅಷ್ಟೇ ಅಗಲ. ಬಾಗಿಲ ಪಕ್ಕದಲ್ಲಿ ಕಟ್ಟಿರುವ ಕಲ್ಲಿನ ಕಟ್ಟೆಗೆ ಬರಾಜಾ ಎನ್ನುತ್ತಾರೆ. ನಮ್ಮ ಜಗುಲಿಯ ಕೆಲಸವನ್ನೇ ಅದು ಅಲ್ಲಿ ಮಾಡುತ್ತದೆ. ಮನೆಯೊಳಗಿನ ಮರ್ಯಾದೆಗೆ ಭಂಗ ಬಾರದಂತೆ ಹೊರಗಿನವರನ್ನು ಕೂರಿಸಿ ಮಾತಾಡಿಸುವ ಜಾಗ. ನಾವೂ ಅಂಥ ಎರಡು ಜಗುಲಿಗಳಲ್ಲಿ ಕುಳಿತೆವು.

ಒಂದರಲ್ಲಿ ಕುಳಿತಾಗ ಕಾಫಿ ಮಾರುವವರು ಬಂದರು. ಉದ್ದ ಮೂತಿಯ ಹಿತ್ತಾಳೆ ಪಾತ್ರೆ, ಅದರ ಬುಡದಲ್ಲಿ ಇದ್ದಿಲಿನ ಕೆಂಡ, ಇನ್ನೊಂದು ಕೈಯಲ್ಲಿ ಹಿಡಿಯಿಲ್ಲದ ಪುಟ್ಟ ಪಿಂಗಾಣಿ ಬಟ್ಟಲುಗಳು. ಬಟ್ಟಲುಗಳನ್ನು ಒಂದಕ್ಕೊಂದು ತಾಗಿಸಿ ಸದ್ದು ಮಾಡುತ್ತ ಬರುವುದೇ ಅವರ ಕೂಗು. ಕಹಾವಾ ತುಂಗು, ಅಂದರೆ ಕಹಿ ಕಾಫಿ. ಹಾಲಿಲ್ಲ, ಸಕ್ಕರೆಯಿಲ್ಲ, ಶುಂಠಿಯ ಖಾರ ಗಂಟಲಿಗೆ ಇಳಿಯುವ ಹೊತ್ತಿಗೆ ಜೊತೆಗೆ ಕೊಡುವ ತೆಂಗಿನಕಾಯಿ ಮಿಠಾಯಿಯನ್ನು ಬಾಯಿಗೆ ಹಾಕಿಕೊಳ್ಳಬೇಕು. ಬೆಳಗಿನ ಉಪಾಹಾರಕ್ಕೆ ಹಿರಿಯರು ಮಹಾಮ್ರಿ ಮತ್ತು ಮ್ಬಾಜಿ ತಿನ್ನಿಸಿದ್ದರು. ಮಹಾಮ್ರಿ ಏಲಕ್ಕಿ ಹಾಕಿ ಕರಿದ, ಉಬ್ಬಿದ ರೊಟ್ಟಿ. ಮ್ಬಾಜಿ ಎಂದರೆ ನಮ್ಮ ತೊಗರಿ ಕಾಳು, ತೆಂಗಿನ ಹಾಲಿನಲ್ಲಿ ಬೇಯಿಸಿದ್ದು. ಈ ಊಟವನ್ನು ಪ್ಯಾಕೇಜಿನ ಮಧ್ಯಾಹ್ನದ ಬಫೆಯೊಂದಿಗೆ ಹೋಲಿಸುವುದೇ ಬೇಡ.

ಕೋಟೆಗೆ ನಾವು ಬಂದದ್ದು ಬಿಸಿಲು ಇಳಿದ ಮೇಲೆ. ಫೋರ್ಟ್ ಜೀಸಸ್‌ನ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಇದು ನೋಡಲೇಬೇಕಾದ ಜಾಗ, ಕನಿಷ್ಠ ಎರಡೂವರೆ ಗಂಟೆ ಕೊಡಬೇಕಾದ ಜಾಗ. ಸ್ಪೇನಿನ ದೊರೆ ಎರಡನೆಯ ಫಿಲಿಪ್ ಪೋರ್ಚುಗಲ್ಲನ್ನೂ ಆಳುತ್ತಿದ್ದ ಕಾಲದಲ್ಲಿ, 1593ರಿಂದ 1596ರ ನಡುವೆ, ಇಟಲಿಯ ವಾಸ್ತುಶಿಲ್ಪಿ ಜೊವಾನ್ನಿ ಬತಿಸ್ತಾ ಕೈರಾತಿಯ ನಕ್ಷೆಯಂತೆ ಹವಳದ ಬಂಡೆಯ ಮೇಲೆ ಎದ್ದ ಕೋಟೆ ಇದು. ಮೇಲಿನಿಂದ ನೋಡಿದರೆ ತಲೆ, ತೋಳು, ಕಾಲು ಚಾಚಿ ಮಲಗಿದ ಮನುಷ್ಯನ ಆಕಾರ. ಅದಕ್ಕೂ ಮೊದಲು, 1505ರಲ್ಲಿ, ಪೋರ್ಚುಗೀಸ್ ನಾಯಕ ಫ್ರಾನ್ಸಿಸ್ಕೋ ದ ಅಲ್ಮೇಡಾ ಈ ಪಟ್ಟಣವನ್ನು ಸುಟ್ಟು ಸೂರೆ ಮಾಡಿದ್ದ. ಅದೇ ಹಡಗುಪಡೆ ಇಲ್ಲಿಂದ ಹೊರಟು ಸಮುದ್ರ ದಾಟಿ ಬಂದು ಲಂಗರು ಹಾಕಿದ್ದು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ. ಆಮೇಲೆ ಹೊನ್ನಾವರದ ಮೇಲೆ ದಾಳಿ ಮಾಡಿದ್ದೂ ಅದೇ ಪಡೆ. ಈ ಮಾತನ್ನು ನಾನು ಹೇಳಿದಾಗ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊನ್ನಾವರ ಎಂಬ ಹೆಸರನ್ನು ಎರಡು ಸಲ ಉಚ್ಚರಿಸಿ ನೆನಪಿಟ್ಟುಕೊಂಡರು.

ಕೋಟೆಯ ಮುಖ್ಯ ದ್ವಾರದ ಮೇಲೆ 1635ರ ಒಂದು ಶಾಸನವಿದೆ. ಮರಳಿ ಅಧಿಕಾರ ಹಿಡಿದ ಪೋರ್ಚುಗೀಸ್ ಕಪ್ತಾನ ತನ್ನ ಸಾಹಸಗಳನ್ನು ಕೆತ್ತಿಸಿಕೊಂಡದ್ದು ಅದು. ಹಾಗೆ ಕೆತ್ತಿಸಿಕೊಳ್ಳಬೇಕಾಗಿ ಬಂದದ್ದಕ್ಕೆ ಕಾರಣ ಯೂಸುಫ್ ಬಿನ್ ಹಸನ್. ತಂದೆಯಾದ ಸುಲ್ತಾನನ ಕೊಲೆಯಾದ ಮೇಲೆ ಬಾಲಕನಾಗಿದ್ದ ಆತನನ್ನು ಗೋವಾಕ್ಕೆ ಒಯ್ದು, ಕ್ರೈಸ್ತನನ್ನಾಗಿ ಮಾಡಿ, ದೋಮ್ ಜೆರೋನಿಮೋ ಎಂದು ಹೆಸರಿಟ್ಟು ಬೆಳೆಸಿ, ಮುಂದೆ ಮೊಂಬಾಸಾದ ಗದ್ದುಗೆಗೆ ಕಳಿಸಿದರು. 1631ರ ಆಗಸ್ಟ್‌ನಲ್ಲಿ ಆತ ಆಗಿನ ಪೋರ್ಚುಗೀಸ್ ಕಪ್ತಾನನನ್ನು ಕೊಂದು ಕೋಟೆಯನ್ನು ವಶಪಡಿಸಿಕೊಂಡು ಇಸ್ಲಾಮಿಗೆ ಮರಳಿದ. ಮರುವರ್ಷ ಕೋಟೆಯನ್ನು ಬಿಟ್ಟು ಸಮುದ್ರಕ್ಕಿಳಿದ. ಮೊದಲ ದಿನದ ಮಾರ್ಗದರ್ಶಕ ಈ ಶಾಸನದ ಕೆಳಗೆ ನನ್ನನ್ನು ಮಾತಿಲ್ಲದೆ ದಾಟಿಸಿದ್ದ.

1696ರ ಮಾರ್ಚ್‌ನಿಂದ 1698ರ ಡಿಸೆಂಬರ್‌ವರೆಗೆ, ಮೂವತ್ತಮೂರು ತಿಂಗಳು, ಒಮಾನಿಗಳು ಈ ಕೋಟೆಯನ್ನು ಮುತ್ತಿದ್ದರು. ಇದನ್ನು ಪೋರ್ಚುಗೀಸರಿಗೂ ಅರಬರಿಗೂ ನಡೆದ ಕಾಳಗ ಎಂದಷ್ಟೇ ಹೇಳಿ ಮುಗಿಸುವುದು ರೂಢಿ. ಆದರೆ 1697ರಲ್ಲಿ ರೋಗ ಹಬ್ಬಿ ಒಳಗಿದ್ದ ಪೋರ್ಚುಗೀಸರೆಲ್ಲ ಸತ್ತುಹೋದಾಗ ಹೊಸ ಪಡೆ ಬರುವವರೆಗೆ ಕೋಟೆಯನ್ನು ಕಾಯ್ದವರು ಪಾಟೆ ದ್ವೀಪದ ಫಾಜಾ ಊರಿನ ಬ್ವಾನಾ ದಾವೂದ್, ಅವರ ಕುಟುಂಬದ ಹದಿನೇಳು ಮಂದಿ, ಎಂಟು ಮಂದಿ ಆಫ್ರಿಕನ್ ಗಂಡಸರು ಮತ್ತು ಐವತ್ತು ಮಂದಿ ಆಫ್ರಿಕನ್ ಹೆಂಗಸರು. ಹಿರಿಯರು ಈ ಲೆಕ್ಕವನ್ನು ಕೋಟೆಗೋಡೆಯ ಮೇಲೆ ನಿಂತು, ಪ್ರತಿಯೊಂದು ಸಂಖ್ಯೆಯನ್ನೂ ಬಿಡಿಸಿ ಹೇಳಿದರು. ಐವತ್ತು ಹೆಂಗಸರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ ಎಂದು ಅವರು ಹೇಳಿದ ಧ್ವನಿ ನನ್ನ ಕಿವಿಯಲ್ಲಿ ಇನ್ನೂ ಇದೆ.

ವಸ್ತುಸಂಗ್ರಹಾಲಯದಲ್ಲಿ ಬಿಡದೆ ನೋಡಬೇಕಾದದ್ದು ಸಾಂತೋ ಅಂತೋನಿಯೋ ದ ತಾನಾ ಎಂಬ ಹಡಗಿನ ಅವಶೇಷಗಳು. ಮುಂಬಯಿಯ ಬಳಿಯ ವಸಾಯಿಯಲ್ಲಿ 1681ರಲ್ಲಿ ಕಟ್ಟಿದ ಈ ಹಡಗು ಮುತ್ತಿಗೆಯ ಸಮಯದಲ್ಲಿ ನೆರವಿಗೆಂದು ಬಂದು 1697ರಲ್ಲಿ ಕೋಟೆಯ ಎದುರಿಗೇ ಮುಳುಗಿತು; 1970ರ ದಶಕದ ಕೊನೆಯಲ್ಲಿ ನೀರಿನಡಿಯ ಉತ್ಖನನ ನಡೆಸಿ ಅದರೊಳಗಿನ ವಸ್ತುಗಳನ್ನು ಮೇಲೆತ್ತಿದರು. ಇನ್ನೊಂದು ಕಡೆ, ಪೋರ್ಚುಗೀಸ್ ಕಾವಲುಗಾರರು ಇದ್ದಿಲು ಮತ್ತು ಕೆಮ್ಮಣ್ಣಿನಿಂದ ಗೋಡೆಯ ಮೇಲೆ ಬಿಡಿಸಿದ ಚಿತ್ರಗಳನ್ನು ಕಾಪಾಡಿ ಇಟ್ಟಿದ್ದಾರೆ. ಹಾಯಿ, ಹಗ್ಗ ಎಲ್ಲವನ್ನೂ ನೆನಪಿನಿಂದ ತಿದ್ದಿ ತೀಡಿ ಬರೆದ ಹಡಗುಗಳು. ಗಾಳಿ ತಿರುಗುವುದನ್ನು ಕಾಯುತ್ತ ಕುಳಿತವರ ಕೈಯಿಂದ ಬಂದ ಚಿತ್ರಗಳು ಅವು ಎಂದು ಬೆಳಿಗ್ಗೆ ಬಂದರಿನಲ್ಲಿ ನಿಂತು ಬಂದವರಿಗೆ ಹೇಳಿಕೊಡಬೇಕಾಗಿಲ್ಲ. ಸಾನ್ ಫಿಲಿಪ್ ಬುರುಜಿನ ಮೇಲಿನ ಒಮಾನಿ ಮನೆಯಿಂದ ಕಾಣುವ ನೋಟಕ್ಕೂ ಹತ್ತು ನಿಮಿಷ ಇಟ್ಟುಕೊಳ್ಳಿ. 1895ರಿಂದ 1958ರವರೆಗೆ ಇಡೀ ಕೋಟೆ ಬ್ರಿಟಿಷರ ಸೆರೆಮನೆಯಾಗಿತ್ತು, 1960ರಲ್ಲಿ ವಸ್ತುಸಂಗ್ರಹಾಲಯವಾಯಿತು, 2011ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಈ ನಡಿಗೆಯಲ್ಲಿ ಕೊರತೆಗಳೂ ಇವೆ. ಗುಲಾಮರ ವ್ಯಾಪಾರದ ಮಾತು ನಾನು ಕೇಳುವವರೆಗೆ ಬರಲಿಲ್ಲ. ಕೇಳಿದ ಮೇಲೆ ಹಿರಿಯರು ಮುಚ್ಚಿಡದೆ ಹೇಳಿದರು. ಹಳೆಯ ಬಂದರಿನ ನೀರಿನಾಚೆಯ ದಡದಲ್ಲಿ ಫ್ರೆರ್ ಟೌನ್ ಇರುವ ದಿಕ್ಕನ್ನು ತೋರಿಸಿದರು. ಮುಂಬಯಿಯ ಗವರ್ನರ್ ಆಗಿದ್ದ ಬಾರ್ಟಲ್ ಫ್ರೆರ್‌ನ ಹೆಸರಿನಲ್ಲಿ 1870ರ ದಶಕದಲ್ಲಿ ಬಿಡುಗಡೆ ಹೊಂದಿದ ಗುಲಾಮರಿಗಾಗಿ ಕ್ರೈಸ್ತ ಮಿಷನ್ ಕಟ್ಟಿದ ಊರು ಅದು. ಅಲ್ಲಿಗೆ ಮೊದಲು ಬಂದವರಲ್ಲಿ ನಾಸಿಕದಲ್ಲಿ ಓದಿ ಕೆಲಸ ಕಲಿತ ಆಫ್ರಿಕನ್ನರೂ ಇದ್ದರು. ಇಷ್ಟು ದೊಡ್ಡ ವಿಷಯ ಪ್ರವಾಸಿಗನ ಪ್ರಶ್ನೆಗಾಗಿ ಕಾಯಬಾರದು. ವ್ಯಾಪಾರದಿಂದ ಬೆಳೆದ ಊರಿನ ಕಥೆ ಹೇಳುವವರು ಮನುಷ್ಯರನ್ನೂ ಮಾರಿದ ವ್ಯಾಪಾರವನ್ನು ತಾವಾಗಿಯೇ ಹೇಳಬೇಕು ಎಂದು ನಾನು ಅವರಿಗೇ ಹೇಳಿದೆ, ಅವರು ಒಪ್ಪಿದರು.

ಎರಡನೆಯ ಕೊರತೆ ರೈಲಿನದು. 1896ರಲ್ಲಿ ಮೊಂಬಾಸಾದಿಂದ ಶುರುವಾಗಿ 1901ರಲ್ಲಿ ವಿಕ್ಟೋರಿಯಾ ಸರೋವರದ ದಡ ಮುಟ್ಟಿದ ಉಗಾಂಡ ರೈಲ್ವೆಗಾಗಿ ಭಾರತದಿಂದ ಸುಮಾರು 32,000 ಕೂಲಿಗಳು ಇದೇ ದ್ವೀಪಕ್ಕೆ ಬಂದಿಳಿದರು. ಸುಮಾರು 2,500 ಮಂದಿ ಸತ್ತರು, ಸುಮಾರು 6,700 ಮಂದಿ ಅಲ್ಲೇ ನೆಲೆಸಿದರು. ಊರಿನ ಮುಖ ಹಳೆಯ ಬಂದರಿನಿಂದ ಕಿಲಿಂಡಿನಿಯ ಕಡೆಗೆ ತಿರುಗಿದ್ದು ಆ ರೈಲಿನ ನಂತರವೇ. ಇಂದು ಉಗಾಂಡ, ರುವಾಂಡ, ದಕ್ಷಿಣ ಸುಡಾನ್‌ಗಳ ಸರಕು ಇಳಿಯುವುದು ಕಿಲಿಂಡಿನಿಯಲ್ಲಿ. ಹಳೆಯ ಪಟ್ಟಣದ ನಡಿಗೆಯಲ್ಲಿ ಇದಕ್ಕೆ ಎರಡು ವಾಕ್ಯಗಳಷ್ಟೇ ಸಿಕ್ಕವು. ಈ ಭಾಗವನ್ನು ನೀವೇ ತುಂಬಿಕೊಳ್ಳಬೇಕು: ಸಂಜೆ ಲಿಕೋನಿ ಫೆರಿಗೆ ಹೋಗಿ, ನಡೆದು ಹತ್ತುವವರಿಗೆ ಹಣವಿಲ್ಲ. ಕೆಲಸ ಮುಗಿಸಿ ದ್ವೀಪದಿಂದ ದಕ್ಷಿಣದ ದಡಕ್ಕೆ ಮರಳುವ ಸಾವಿರಾರು ಜನರ ನಡುವೆ ನಿಂತು, ಕಿಲಿಂಡಿನಿಗೆ ಒಳಬರುವ ದೊಡ್ಡ ಸರಕುಹಡಗು ಹಾದುಹೋಗುವುದನ್ನು ನೋಡಿ. ಹಳೆಯ ಬಂದರಿನ ಮೌನಕ್ಕೆ ಕಾರಣ ಅಲ್ಲಿ ಕಣ್ಣೆದುರೇ ತೇಲಿ ಬರುತ್ತದೆ.

ಬಿಯಾಶಾರಾ ಬೀದಿಯನ್ನು ಬೇಕಾದರೆ ಮಾರ್ಗದರ್ಶಕರಿಲ್ಲದೆ ನೋಡಬಹುದು. ಹೆಂಗಸರು ಉಡುವ ಖಾಂಗಾ ಬಟ್ಟೆಗಳ ಅಂಗಡಿಗಳು ಅಲ್ಲಿ ಸಾಲಾಗಿವೆ. ಪ್ರತಿಯೊಂದು ಖಾಂಗಾದ ಅಂಚಿನಲ್ಲಿ ಸ್ವಾಹಿಲಿಯ ಒಂದು ಮಾತು ಅಚ್ಚಾಗಿರುತ್ತದೆ. ಅರ್ಥ ಕೇಳಿ ತಿಳಿದುಕೊಂಡೇ ಕೊಳ್ಳಿ, ಏಕೆಂದರೆ ಪ್ರೀತಿಯ ಮಾತಿನ ಖಾಂಗಾದ ಪಕ್ಕದಲ್ಲೇ ನೆರೆಯವರಿಗೆ ಚುಚ್ಚುವ ಮಾತಿನ ಖಾಂಗಾ ಮಡಿಸಿ ಇಟ್ಟಿರುತ್ತಾರೆ.

ಹೋಗುವವರಿಗೆ ಕೆಲವು ಸೂಚನೆಗಳು. ನಡಿಗೆಯ ದರವನ್ನು ಮೊದಲೇ ಶಿಲ್ಲಿಂಗ್ ಲೆಕ್ಕದಲ್ಲಿ ಮಾತಾಡಿಕೊಳ್ಳಿ. ಕೋಟೆಯ ಟಿಕೆಟು ಅದರಲ್ಲಿ ಸೇರಿದೆಯೇ ಎಂದು ಕೇಳಿ. ನಾಲ್ಕಕ್ಕಿಂತ ಹೆಚ್ಚು ಜನರ ಗುಂಪಿಗೆ ಈ ಕಿರಿದಾದ ಬೀದಿಗಳು ಒಗ್ಗುವುದಿಲ್ಲ. ನಮ್ಮ ಹಿರಿಯರ ಧ್ವನಿಯೂ ಮೆಲ್ಲಗಿತ್ತು. ಮೈ ಮುಚ್ಚುವ ಉಡುಪು ತೊಡಿ, ಬುಯಿಬುಯಿ ಎಂಬ ಕಪ್ಪು ನಿಲುವಂಗಿ ಧರಿಸಿದ ಹೆಂಗಸರ ಚಿತ್ರವನ್ನು ಅನುಮತಿಯಿಲ್ಲದೆ ತೆಗೆಯಬೇಡಿ, ಬಂದರಿನೊಳಗೂ ಕೇಳಿಯೇ ಕ್ಯಾಮೆರಾ ಎತ್ತಿ. ಶುಕ್ರವಾರ ಮಧ್ಯಾಹ್ನ ಪ್ರಾರ್ಥನೆಯ ಹೊತ್ತು. ಆಗ ಮಸೀದಿಗಳ ಓಣಿಯಲ್ಲಿ ಅಲೆಯುವುದು ಬೇಡ. ಮಂಡಿನೋವಿರುವವರಿಗೆ ಕೋಟೆಯ ಇಳಿಜಾರು ಮತ್ತು ಬಂದರಿನ ಮೆಟ್ಟಿಲುಗಳು ಕಷ್ಟವಾಗಬಹುದು, ಹಾಗಾಗಿ ನಡಿಗೆಯನ್ನು ಎರಡು ಬೆಳಗುಗಳಿಗೆ ಹಂಚಿಕೊಳ್ಳುವುದು ಒಳ್ಳೆಯದು.

ಅರ್ಧ ದಿನದ ಪ್ಯಾಕೇಜನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಇಡೀ ದಿನದ ನಡಿಗೆಗೆ ಮಾತ್ರ ನಾನೇ ಇನ್ನೊಮ್ಮೆ ಹೋಗುವವನಿದ್ದೇನೆ. ನಾನು ಹೋಗಿದ್ದು ಕೂಸಿ ಬೀಸುವ ಜುಲೈನಲ್ಲಿ. ಬಂದರಿನಲ್ಲಿ ಕೆಲಸ ಕಡಿಮೆ ಇತ್ತು. ಡಿಸೆಂಬರಿನಲ್ಲಿ ಕಸ್ಕಾಜಿ ಬೀಸತೊಡಗಿದ ಮೇಲೆ ಬಾ ಕಾಕಾ, ಆಗ ಬರುವ ದೋಣಿಗಳನ್ನು ತೋರಿಸುತ್ತೇನೆ ಎಂದು ಹಿರಿಯರು ಬೀಳ್ಕೊಡುವಾಗ ಹೇಳಿದ್ದಾರೆ.